ಬೀಗ ಹಾಕಿದ ನೀರು

"ನೀವು ಆ ಚಿತ್ರಾನ ಒಂದ್ಸಲವೂ ನೋಡಿಲ್ವಂತೆ. ನೋಡದೇನೇ ಐವತ್ತು ವರ್ಷದಿಂದ ಬೈತಿದ್ದೀರಂತೆ. ನಿಜಾನಾ?"

ಪ್ರೊಫೆಸರ್ ಬ್ರಿತೆಸ್ ಹೀಗೆ ಕೇಳಿದಾಗ ಎಲಿಹಿಯಾ ಒವೆಲಾರ್ ತೆರೆರೆ ಎಂಬ ತಂಪು ಪಾನೀಯದ ಸೊಪ್ಪಿನ ಮೇಲೆ ತಣ್ಣೀರು ಸುರಿಯುತ್ತಿದ್ದಳು. ಲೋಟವನ್ನು ಅವನತ್ತ ಚಾಚಿದಳು.

"ನಮ್ಮಣ್ಣನ್ನ ಹೂತ ಗುಂಡೀನೂ ನಾನು ಬಗ್ಗಿ ನೋಡ್ಲಿಲ್ಲ ಸ್ವಾಮಿ. ಆಳ ಇತ್ತು ಅಂತ ಗೊತ್ತು."

ಬ್ರಿತೆಸ್ ರಾಜಧಾನಿ ಅಸುನ್ಸಿಯೋನಿನಿಂದ ಬಂದಿದ್ದ. ಹಿಂದೆ ನೆರೆಯ ದೇಶದೊಡನೆ ನಡೆದ ಚಾಕೊ ಯುದ್ಧದ ಮೇಲೆ ತೆಗೆದ 'ಬಾಯಾರಿದ ದಳ' ಎಂಬ ಚಿತ್ರಕ್ಕೆ ಐವತ್ತು ತುಂಬುತ್ತಿತ್ತು. ಅದಕ್ಕೆ ಯುರೋಪಿನಲ್ಲಿ ದೊಡ್ಡ ಪ್ರಶಸ್ತಿ ಬಂದಿತ್ತು. ಯುದ್ಧದ ಚಿತ್ರಗಳ ಬಗ್ಗೆ ಬರೆದವರೆಲ್ಲ ಅದರಲ್ಲಿನ ನಾಲ್ಕು ನಿಮಿಷಗಳನ್ನು ಹೊಗಳದೆ ಬಿಟ್ಟಿರಲಿಲ್ಲ. ಬತ್ತಿದ ಬಾವಿಯ ಬಳಿ ನೀರಿಲ್ಲದೆ ಸಾಯುವ ಹುಡುಗನೊಬ್ಬನ ಮುಖ. ಆ ನಟನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ನಟನೂ ಆಗಿರಲಿಲ್ಲ. ಅವನು ಎಲಿಹಿಯಾಳ ಅಣ್ಣ ಲಿಬ್ರಾದೊ.

ಊರಾಚೆಯ ಮುಳ್ಳುಕಾಡಿನಲ್ಲಿ ಚಿತ್ರೀಕರಣ ನಡೆದಾಗ ಅವಳಿಗೆ ಹದಿನೇಳು. ಸಿಪಾಯಿಗಳ ಉಡುಪು ಹೊಲಿಯಲು ಊರಿನ ಹೆಂಗಸರನ್ನು ಕರೆದಿದ್ದರು. ಗುಂಪಿನಲ್ಲಿ ನಿಲ್ಲಲು ಗಂಡಸರು ಬೇಕು ಎಂದಾಗ ನಮ್ಮಣ್ಣ ಇದ್ದಾನೆ ಎಂದವಳು ಅವಳೇ. ಬಾಯಾರಿಕೆ ಕೃತಕವಾಗಿ ಕಾಣುತ್ತಿದೆ ಎಂದು ನಿರ್ದೇಶಕ ಒಲಿವೇರಿ ನೀರಿನ ಪೀಪಾಯಿಗಳಿಗೆ ಬೀಗ ಹಾಕಿಸಿದ. ಎರಡು ದಿನ, ಆ ಬಿಸಿಲಿನಲ್ಲಿ. ಮೂರನೆಯ ದಿನ ಲಿಬ್ರಾದೊನ ಮೂತ್ರ ಕಪ್ಪಾಯಿತು. ಹನ್ನೊಂದನೆಯ ದಿನ ಅವನು ಸತ್ತ. ಸಾವಿನ ಕಾಗದದಲ್ಲಿ ಜ್ವರ ಎಂದು ಬರೆದರು. ಚಿತ್ರಕ್ಕೆ ಬಂದೂಕು, ಲಾರಿಗಳನ್ನೆಲ್ಲ ಸೈನ್ಯವೇ ಕೊಟ್ಟಿದ್ದ ಕಾಲ ಅದು; ಯಾರೂ ಬಾಯಿ ಬಿಡಲಿಲ್ಲ.

ಚಿತ್ರ ಊರಿಗೆ ಬಂದಾಗ ಅವಳ ಅಪ್ಪ ಒಬ್ಬನೇ ಹೋಗಿ ನೋಡಿ ಬಂದ. ಆತ ನಿಜವಾದ ಆ ಯುದ್ಧದಲ್ಲಿ ಮೂರು ವರ್ಷ ಇದ್ದವನು. ಮನೆಗೆ ಬಂದು ಹ್ಯಾಟು ತೆಗೆದು, ಯುದ್ಧ ಹಾಗೇ ಇತ್ತು, ಎಂದಷ್ಟೇ ಹೇಳಿದ. ಮಗನನ್ನು ಕೊಂದವನ ಚಿತ್ರಕ್ಕೆ ಅಪ್ಪನೇ ಸರ್ಟಿಫಿಕೇಟು ಕೊಟ್ಟನೆಂದು ಎಲಿಹಿಯಾ ಅವನೊಡನೆ ಮಾತು ಬಿಟ್ಟಳು. ಆತ ಸಾಯುವವರೆಗೂ ಬಡಿಸಿದಳು, ಬಟ್ಟೆ ಒಗೆದಳು. ಮಾತಾಡಲಿಲ್ಲ.

ಐವತ್ತರ ನೆನಪಿಗೆ ಊರಲ್ಲೇ ಚಿತ್ರ ತೋರಿಸುತ್ತೇವೆ, ಪ್ರದರ್ಶನ ಮುಗಿದ ಮೇಲೆ ನೀವು ಏನು ಬೇಕಾದರೂ ಹೇಳಬಹುದು ಎಂದು ಬ್ರಿತೆಸ್ ಮಾತು ಕೊಟ್ಟ. ಅವಳು ಒಪ್ಪಿದಳು. ಇದು ಸುಳ್ಳು ಚಿತ್ರ, ಇದಕ್ಕೆ ಬಂದ ಕೀರ್ತಿಯೂ ಸುಳ್ಳು ಎಂದು ಎಲ್ಲರೆದುರು ಒಂದು ಸಲ ಹೇಳಿ ಕೂರುವುದು ಅವಳ ಲೆಕ್ಕಾಚಾರವಾಗಿತ್ತು.

ಭಾನುವಾರ ಮಧ್ಯಾಹ್ನ ಚರ್ಚಿನ ಸಭಾಂಗಣದ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ರಾಜಧಾನಿಯಿಂದ ಬಸ್ಸಿನಲ್ಲಿ ವಿದ್ಯಾರ್ಥಿಗಳು ಬಂದಿದ್ದರು. ಎಲಿಹಿಯಾ ಮೊದಲ ಸಾಲಿನಲ್ಲಿ ಕೂತು ತಪ್ಪು ಹುಡುಕಲು ಶುರು ಮಾಡಿದಳು. ಸಿಕ್ಕವು ಕೂಡ. ಯುದ್ಧದಲ್ಲಿ ಯಾರ ಅಂಗಿಗೂ ಗುಂಡಿ ಉಳಿದಿರಲಿಲ್ಲ, ದಾರ ಕಟ್ಟಿಕೊಳ್ಳುತ್ತಿದ್ದೆವು ಎಂದು ಅಪ್ಪ ಹೇಳುತ್ತಿದ್ದ. ಇಲ್ಲಿ ಅವಳೇ ಹೊಲಿದ ಗುಂಡಿಗಳು ಸಾಲಾಗಿ ಹೊಳೆಯುತ್ತಿದ್ದವು. ಸೇನಾಪತಿಯ ಭಾಷಣ ಉದ್ದವಾಗಿತ್ತು. ಹಿಂದೆ ಯಾರೋ ಆಕಳಿಸಿದರು. ಅವಳಿಗೆ ಖುಷಿಯಾಯಿತು.

ಆಮೇಲೆ ಬಾವಿ ಬಂತು. ಸಂಗೀತ ನಿಂತಿತು. ನೀರಿಗಾಗಿ ಸಾಲು ನಿಲ್ಲಿ ಎಂದು ಅಧಿಕಾರಿ ಕೂಗುತ್ತಾನೆ. ನೀರಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಒಬ್ಬೊಬ್ಬರಾಗಿ ಎದ್ದು ಸಾಲು ನಿಲ್ಲುತ್ತಾರೆ. ಎಲಿಹಿಯಾ ತಪ್ಪು ಹುಡುಕುವುದನ್ನು ಮರೆತಳು. ಸಾಲಿನ ಕೊನೆಯವನು ಕುಸಿದ. ಗೋಡೆಯಷ್ಟು ದೊಡ್ಡದಾಗಿ ಲಿಬ್ರಾದೊ.

ಅವನ ತುಟಿ ಒಡೆದಿತ್ತು. ಬಾವಿಯ ತಳದಿಂದ ಎತ್ತಿ ಹಾಕಿದ್ದ ಕೆಸರನ್ನು ಅಂಗಿಯ ತುದಿಯಲ್ಲಿ ಕಟ್ಟಿ ಹಿಂಡಿ ಬಾಯಿಗೆ ಒಯ್ದ. ಅಷ್ಟರಲ್ಲಿ ಪಕ್ಕದವನು ನೋಡುತ್ತಿರುವುದನ್ನು ಕಂಡು, ಕೈ ತಡೆದು, ಆ ಒದ್ದೆ ಬಟ್ಟೆಯನ್ನು ಅವನ ಬಾಯಿಗಿಟ್ಟ. ಅದನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಬೇಯಿಸಿದ ಮರಗೆಣಸನ್ನೂ ಅವನು ಹಾಗೆಯೇ ಬಾಯಿಯವರೆಗೆ ಒಯ್ದು ತಂಗಿಗೆ ಕೊಡುತ್ತಿದ್ದ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಅವನ ಕಣ್ಣು ಯಾವ ಬಣ್ಣವೆಂದು ಅವಳು ಮರೆತು ಎಷ್ಟೋ ವರ್ಷವಾಗಿತ್ತು. ಕಪ್ಪುಬಿಳುಪು ಚಿತ್ರ ಅದನ್ನು ಮಾತ್ರ ಹೇಳಲಿಲ್ಲ.

ದೀಪ ಹತ್ತಿದಾಗ ಬ್ರಿತೆಸ್ ಮೈಕು ತಂದು ಅವಳ ಕೈಗಿತ್ತ. ಅವಳು ಎದ್ದು ಸಭೆಯತ್ತ ತಿರುಗಿದಳು.

"ಕೆಟ್ಟದಾಗಿರುತ್ತೆ ಅನ್ಕೊಂಡೇ ಬಂದೆ," ಎಂದಳು. "ಕೆಟ್ಟದಾಗಿದ್ದಿದ್ರೆ ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ. ಚೆನ್ನಾಗಿದೆ. ನಮ್ಮಪ್ಪ ಸುಳ್ಳು ಹೇಳಿರ್ಲಿಲ್ಲ. ಆದ್ರೆ ನೀವು ನೋಡಿದ್ದು ನಟನೆ ಅಲ್ಲ. ಅವನಿಗೆ ಎರಡು ದಿನ ನೀರು ಕೊಟ್ಟಿರ್ಲಿಲ್ಲ. ಪೀಪಾಯಿ ಪಕ್ಕದಲ್ಲೇ ಇತ್ತು, ಬೀಗ ಹಾಕಿದ್ರು. ಅವನು ಸತ್ತ."

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮತ್ತೊಬ್ಬರು ಸೇರಿಕೊಂಡರು. ನೋಡುನೋಡುತ್ತಿದ್ದಂತೆ ಇಡೀ ಸಭಾಂಗಣ ಎದ್ದು ನಿಂತಿತು. ಕೆಲವರು ಅಳುತ್ತಿದ್ದರು. ಎಲಿಹಿಯಾ ಮೈಕು ಹಿಡಿದು, ಚಪ್ಪಾಳೆ ನಿಲ್ಲಲಿ, ಮುಂದಿನ ಮಾತು ಹೇಳೋಣ ಎಂದು ಕಾದಳು. ಅದು ನಿಲ್ಲಲಿಲ್ಲ. ಬ್ರಿತೆಸ್ ಒದ್ದೆ ಕಣ್ಣಿನಲ್ಲಿ ಅವಳ ಕಿವಿಯ ಬಳಿ ಬಗ್ಗಿದ.

"ಹೊಸ ಪುಸ್ತಕಕ್ಕೆ ಇದೇ ಮುನ್ನುಡಿ, ಎಲಿಹಿಯಾ ಅಮ್ಮ. ಆ ನಾಲ್ಕು ನಿಮಿಷ ಯಾಕೆ ಅಷ್ಟು ದೊಡ್ಡದು ಅಂತ ಇವತ್ತು ಅರ್ಥ ಆಯ್ತು."

ಅವಳು ಅವನ ಮುಖವನ್ನೇ ನೋಡಿದಳು. ಕೆಟ್ಟವನಲ್ಲ. ಅದೇ ಅವಳ ಬಾಯಿ ಕಟ್ಟಿತು. ಮೈಕನ್ನು ಕುರ್ಚಿಯ ಮೇಲೆ ಮಲಗಿಸಿ ಬಾಗಿಲಿನತ್ತ ನಡೆದಳು.

ಹೊರಗೆ ಬಿಸಿಲಿತ್ತು. ಗೋಡೆಗೆ ದೊಡ್ಡ ಪೋಸ್ಟರು ಅಂಟಿಸಿದ್ದರು, ಲಿಬ್ರಾದೊನ ಆ ಒಡೆದ ತುಟಿಯ ಮುಖದ್ದೇ. ಬಸ್ಸಿನ ವಿದ್ಯಾರ್ಥಿಗಳು ಅವಳನ್ನು ಸುತ್ತುಗಟ್ಟಿ, ಒಂದು ಫೋಟೋ ತೆಗೆದುಕೊಳ್ಳಬಹುದೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅವಳು ಬೇಡವೆನ್ನಲಿಲ್ಲ. ಪೋಸ್ಟರಿಗೆ ಬೆನ್ನಾಗಿ ನಿಂತಳು.

ಒಬ್ಬ ಹುಡುಗಿ ಫೋನು ಎತ್ತಿ ಹಿಡಿದು, ಕೆಳಗಿಳಿಸಿದಳು.

"ಅಜ್ಜಿ, ಚೂರು ಆ ಕಡೆ ಸರೀತೀರಾ? ಮುಖ ಮರೆಯಾಗ್ತಿದೆ."

ಎಲಿಹಿಯಾ ಸರಿದಳು. ಹುಡುಗಿ ಇನ್ನೂ ಸ್ವಲ್ಪ ಎಂದು ಕೈ ಬೀಸಿದಳು. ಅವಳು ಇನ್ನೂ ಸ್ವಲ್ಪ ಸರಿದು, ಪೋಸ್ಟರಿನ ಅಂಚು ಭುಜಕ್ಕೆ ತಾಗುವಲ್ಲಿ, ಕೈ ಜೋತುಬಿಟ್ಟು ನಿಂತಳು.