ಇಲ್ಲದ ಗಂಡನ ಕಾವಲು

ನನಗೆ ಮದುವೆಯಾದದ್ದು ಮನಿಲಾ ವಿಮಾನ ನಿಲ್ದಾಣದ ಹೆಂಗಸರ ಶೌಚಾಲಯದಲ್ಲಿ. ಪಾದ್ರಿಯೂ ಅಮ್ಮನೇ, ಸಾಕ್ಷಿಯೂ ಅಮ್ಮನೇ. ನನ್ನನ್ನು ಬೀಳ್ಕೊಡಲು ನಮ್ಮೂರು ಇಲೋಯ್ಲೊದಿಂದ ಹಡಗಿನಲ್ಲಿ ಬಂದಿದ್ದವಳು, ಕೈ ತೊಳೆಯುವ ಬೋಗುಣಿಯ ಮುಂದೆ ನಿಲ್ಲಿಸಿ ನನ್ನ ಬೆರಳಿಗೆ ಒಂದು ಹಿತ್ತಾಳೆ ಉಂಗುರ ತುರುಕಿದಳು.

"ಯಾರಾದ್ರೂ ಕೇಳಿದ್ರೆ ಮದುವೆಯಾಗಿದೆ ಅನ್ನು. ಗಂಡ ಪೊಲೀಸು ಅನ್ನು."

"ಅಮ್ಮಾ, ನಾನು ಹೋಗ್ತಿರೋದು ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ. ಯುದ್ಧಕ್ಕಲ್ಲ."

"ದೊಡ್ಡ ಪೊಲೀಸು ಅನ್ನು," ಅಂದಳು ಅಮ್ಮ, ನಾನು ಏನೂ ಹೇಳೇ ಇಲ್ಲವೇನೋ ಎಂಬಂತೆ.

ನನ್ನ ಹೆಸರು ಲುವಾಲ್ಹಾಟಿ. ನಮ್ಮ ಭಾಷೆಯಲ್ಲಿ ಮಹಿಮೆ ಎಂದರ್ಥ. ಆಗ ನನಗೆ ಇಪ್ಪತ್ತನಾಲ್ಕು, ಮಹಿಮೆಯೆಂದರೆ ಅಂತರ್ಜಾಲದಲ್ಲಿ ಓದಿದ್ದ 'ಒಂಟಿ ಹೆಣ್ಣಿಗೆ ಸುರಕ್ಷಿತ ಪ್ರಯಾಣ' ಎಂಬ ನಲವತ್ತು ಸೂಚನೆಗಳು ಬಾಯಿಪಾಠ ಬರುತ್ತಿದ್ದದ್ದು ಮಾತ್ರ. ಥಾಯ್ಲೆಂಡಿನ ರೋಯೆಟ್ ಪ್ರಾಂತದ ಒಂದು ಸಣ್ಣ ಪಟ್ಟಣಕ್ಕೆ ಬಂದಿಳಿದ ಮೊದಲ ವಾರವೇ ಅಷ್ಟೂ ಸೂಚನೆಗಳನ್ನು ಜಾರಿಗೆ ತಂದೆ. ಬಾಗಿಲ ಹಿಡಿಗೆ ಕುರ್ಚಿ ಒರಗಿಸಿದೆ. ದಿನಕ್ಕೊಂದು ದಾರಿಯಲ್ಲಿ ಶಾಲೆಗೆ ಹೋಗಬೇಕೆಂದಿತ್ತು. ಊರಲ್ಲಿ ಇದ್ದದ್ದೇ ಎರಡು ದಾರಿ. ಒಂದರಲ್ಲಿ ಏಳು ನಾಯಿಗಳಿದ್ದವು. ಹೀಗಾಗಿ ಒಂದು ದಿನ ನಡೆದು ಹೋಗುತ್ತಿದ್ದೆ, ಮರುದಿನ ಓಡಿ ಹೋಗುತ್ತಿದ್ದೆ.

ಶಾಲೆಯಲ್ಲಿ ನನ್ನನ್ನು ಕಂಡು ಪೋಷಕರಿಗೆ ನಿರಾಸೆಯಾಗಿತ್ತು. ಬಿಳಿಯಳು ಬರುತ್ತಾಳೆ ಎಂದುಕೊಂಡಿದ್ದರು, ಪಾಪ. ತಮ್ಮ ಪಕ್ಕದ ಮನೆಯವಳಂತೆಯೇ ಕಾಣುವವಳಿಗೆ ವಿದೇಶಿ ಎಂದು ಹೇಗೆ ಮರ್ಯಾದೆ ಕೊಡುವುದು? ಮೊದಲ ದಿನ ಒಬ್ಬ ಅಜ್ಜ ನನ್ನ ಕೈಗೆ ಛತ್ರಿ ಕೊಟ್ಟು, "ವಿದೇಶಿ ಟೀಚರ್ ಬಂದ್ಮೇಲೆ ನನ್ನನ್ನ ಕೂಗಮ್ಮ" ಎಂದು ಬೆಂಚಿನ ಮೇಲೆ ಕೂತರು. ಅದರ ಅರ್ಥ ನನಗೆ ಯಾರೋ ಆಮೇಲೆ ಹೇಳಿದರು.

ನನ್ನ ಕೋಣೆ ಇದ್ದದ್ದು ಬುನ್‌ರುವನ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಊರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿತ್ತು, ನಾನೂ ಹಾಗೇ ಅಂದೆ. ಕೆಳಗೆ ಬೀದಿಗೆ ತೆರೆದುಕೊಂಡ ಅವರ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಒರಳಲ್ಲಿ ಪಪ್ಪಾಯಿ ಕಾಯಿ, ಮೆಣಸಿನಕಾಯಿ, ಕೊಳೆಸಿದ ಮೀನಿನ ರಸ ಹಾಕಿ ಕೋಸಂಬರಿ ಕುಟ್ಟುತ್ತಿದ್ದರು. ಅಕ್ಕಪಕ್ಕದ ಗಾಡಿಗಳ ಹೆಂಗಸರೆಲ್ಲ ಸೇರುತ್ತಿದ್ದದ್ದೂ ಅಲ್ಲೇ.

ನಾನು ಥಾಯ್ ಭಾಷೆಯಲ್ಲಿ ಕಲಿತ ಮೊದಲ ವಾಕ್ಯ 'ನನ್ನ ಗಂಡ ಪೊಲೀಸ್'. ಎರಡನೆಯದು 'ಹೌದು'. ಈ ಎರಡರಲ್ಲೇ ಎರಡು ತಿಂಗಳು ಸಂಸಾರ ಮಾಡಿದೆ. ಸಂಜೆ ಶಾಲೆಯಿಂದ ಬಂದರೆ ದೊಡ್ಡಮ್ಮ ಒಂದು ಮಣೆ ತಳ್ಳುತ್ತಿದ್ದರು. ಗಾಡಿ ಹೆಂಗಸರು ಸುತ್ತ ಕೂತು ಏನೇನೋ ಕೇಳುತ್ತಿದ್ದರು. ಅರ್ಥವಾಗದಿದ್ದರೂ ಸೌಜನ್ಯ ಬಿಡಬಾರದಲ್ಲ? ನಗುನಗುತ್ತಾ, "ಹೌದು, ಹೌದು" ಅನ್ನುತ್ತಿದ್ದೆ. ಅವರು ಕೆನ್ನೆಗೆ ಕೈ ಹಚ್ಚಿ ಉದ್ಗಾರ ತೆಗೆಯುತ್ತಿದ್ದರು. ಒಬ್ಬಳು ಕಣ್ಣೊರೆಸಿಕೊಂಡಳು. ಎಂಥ ಭಾವುಕ ಜನ ಎಂದು ಅಮ್ಮನಿಗೆ ಫೋನಿನಲ್ಲಿ ಹೊಗಳಿದೆ.

ಭಾಷೆ ಸ್ವಲ್ಪ ಕಿವಿಗೆ ಹತ್ತಿದ ಮೇಲೆ ಗೊತ್ತಾಯಿತು ಅವರು ಕೇಳಿದ್ದೇನೆಂದು. ಕುಡೀತಾನಾ? ಹೌದು. ಹೊಡೀತಾನಾ? ಹೌದು, ಹೌದು. ಇನ್ನೊಬ್ಬಳನ್ನ ಇಟ್ಟುಕೊಂಡಿದ್ದಾನಾ? ಹೌದು. ಅದಕ್ಕೇ ದೇಶ ಬಿಟ್ಟು ಬಂದೆಯಾ ಮಗಳೇ? ಹೌದು! ಅಷ್ಟನ್ನೂ ನಾನು ಹಲ್ಲು ಕಿರಿದುಕೊಂಡೇ ಒಪ್ಪಿದ್ದೆ. ಅವರ ಕಣ್ಣಿಗೆ ನಾನು ಧೈರ್ಯವಂತೆಯಾಗಿ ಕಂಡೆನೋ, ತಲೆಗೆ ಪೆಟ್ಟು ಬಿದ್ದವಳಾಗಿ ಕಂಡೆನೋ ಇವತ್ತಿಗೂ ಕೇಳಿಲ್ಲ.

ಸತ್ಯ ಹೇಳಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ನೊಂದ ಹೆಂಡತಿಯ ಪಾಲಿಗೆ ದಿನಾ ಸುಟ್ಟ ಕೋಳಿಯ ಒಂದು ತುಂಡು, ಒಂದು ಪೊಟ್ಟಣ ಅಂಟಕ್ಕಿ ಅನ್ನ ಪುಕ್ಕಟೆ ಬರುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಕೋಳಿ ತಿಂದೆ.

ರೋಮೆಲ್ ಬಂದದ್ದು ಆರನೇ ತಿಂಗಳಲ್ಲಿ. ಪಕ್ಕದ ತಾಲೂಕಿನಲ್ಲಿ ನನ್ನಂತೆಯೇ ಇಂಗ್ಲಿಷ್ ಕಲಿಸುತ್ತಿದ್ದ ಗ್ಲೆಂಡಾ ಅವನ ಪರಿಚಯ ಮಾಡಿಸಿದಳು. ಗ್ಲೆಂಡಾ ನನ್ನ ಊರಿನವಳು. ಪ್ರತಿ ಭಾನುವಾರ ನಾವಿಬ್ಬರೂ ಸೇರಿ ಹಂದಿ ಮಾಂಸದ ಹುಳಿ ಮಾಡಿಕೊಂಡು ಉಣ್ಣುತ್ತಿದ್ದೆವು. ಸುತ್ತ ಐವತ್ತು ಮೈಲಿಯಲ್ಲಿ ನನ್ನನ್ನು ಲು ಎಂದು ಕರೆಯುವವಳು ಅವಳೊಬ್ಬಳೇ.

ನಮ್ಮ ದೇಶದವನೇ ಆದ ರೋಮೆಲನ ಕೆಲಸ ಶಿಕ್ಷಕರನ್ನು ಹುಡುಕಿ ಕೆಲಸಕ್ಕೆ ಸೇರಿಸುವುದು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಪಶ್ಚಿಮದ ಗಡಿಯ ಊರೊಂದರಲ್ಲಿ ಕೂತು ಕಂಪ್ಯೂಟರಿನಲ್ಲೇ ಪಾಠ ಹೇಳುವ ಕೆಲಸ, ಈಗಿನ ಎರಡರಷ್ಟು ಸಂಬಳ, ವಸತಿ ಉಚಿತ. "ಅವಸರವಿಲ್ಲ ಇಂದೈ, ಯೋಚನೆ ಮಾಡು," ಅಂದ. ಇಂದೈ ಅನ್ನುವುದು ನಮ್ಮೂರ ಕಡೆ ಹುಡುಗಿಯರನ್ನು ಮುದ್ದಿನಿಂದ ಕರೆಯುವ ರೀತಿ. ನಾನು ಅಲ್ಲೇ ಅರ್ಧ ಕರಗಿದೆ. ಇನ್ನರ್ಧ ಕರಗಿಸಿದ್ದು ಅವನ ಇಂಗ್ಲಿಷ್. ಒಂದು ಕಡೆಯೂ ಕಾಲದೋಷವಿಲ್ಲ, ವಚನದೋಷವಿಲ್ಲ. ಬೀದಿಯಲ್ಲಿ ಬೀಡಿ ಸೇದುತ್ತಾ ನಿಲ್ಲುವ ಬೈಕ್ ಟ್ಯಾಕ್ಸಿಯವರನ್ನು ಕಂಡರೆ ಚೀಲ ಎದೆಗವಚಿಕೊಳ್ಳುತ್ತಿದ್ದವಳು ನಾನು. ಇಷ್ಟು ಚೆನ್ನಾದ ವ್ಯಾಕರಣ ಇರುವವನು ಕೆಟ್ಟವನಾಗಿರಲು ಸಾಧ್ಯವೇ ಇಲ್ಲ ಎಂದು ತೀರ್ಮಾನಿಸಿದೆ.

ಹಾಗಂತ ಪರೀಕ್ಷೆ ಮಾಡದೆ ಬಿಡಲಿಲ್ಲ. ಅವನ ಗುರುತಿನ ಚೀಟಿಯ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ.

"ಚರ್ಚಿಗೆ ಹೋಗ್ತಾನಾ ಕೇಳು," ಅಂದಳು ಅಮ್ಮ.

ಕೇಳಿದೆ. ಬ್ಯಾಂಕಾಕಿನ ಚರ್ಚೊಂದರ ಮುಂದೆ ಕೈಮುಗಿದು ನಿಂತ ಪಟ ಐದೇ ನಿಮಿಷದಲ್ಲಿ ಬಂತು.

"ಒಳ್ಳೇ ಹುಡುಗ ಕಣೇ," ಅಂದಳು ಅಮ್ಮ. "ಮದುವೆಯಾಗಿದೆಯಾ?"

ಶುಕ್ರವಾರ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ರಾಜೀನಾಮೆ ಪತ್ರ ಇಟ್ಟೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರೋಮೆಲ್ ವ್ಯಾನು ತಂದ. ಚಾಲಕ ಗಾಡಿ ಬಿಟ್ಟು ಇಳಿಯಲಿಲ್ಲ. ನನ್ನನ್ನು ಹತ್ತಿಸಿಕೊಂಡು ಆಮೇಲೆ, ಅದೇ ಕೆಲಸಕ್ಕೆ ಒಪ್ಪಿದ್ದ ಗ್ಲೆಂಡಾಳನ್ನು ಹತ್ತಿಸಿಕೊಳ್ಳುವ ಏರ್ಪಾಡು. "ವೀಸಾ ಕೆಲಸಕ್ಕೆ ಪಾಸ್‌ಪೋರ್ಟ್ ಬೇಕಲ್ಲ," ಅಂದ. ತೆಗೆದು ಕೊಟ್ಟೆ. ನಲವತ್ತು ಸೂಚನೆಗಳಲ್ಲಿ ಮೂರನೆಯದು ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡಿ ಎಂಬುದಾಗಿತ್ತು. ಅದನ್ನು ಬೀಡಿ ಸೇದುವವರಿಗಾಗಿ ಮೀಸಲಿಟ್ಟಿದ್ದೆ ಅಂತ ಕಾಣುತ್ತೆ.

ಅವನು ನನ್ನ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಕೆಳಗೆ ಒರಳಿನ ಸದ್ದು ನಿಂತಿತು.

"ಟೀಚರಮ್ಮ, ಇವನೇನಾ?" ದೊಡ್ಡಮ್ಮ ಕೇಳಿದರು.

ನಾನು ಛತ್ರಿ, ಅಕ್ಕಿ ಬೇಯಿಸುವ ಪಾತ್ರೆ, ಎರಡು ಚೀಲ ಹಿಡಿದು ಒದ್ದಾಡುತ್ತಿದ್ದೆ. ಹಳೆಯ ಅಭ್ಯಾಸ, ಬಾಯಿಂದ ತಾನಾಗಿಯೇ ಬಂತು: "ಹೌದು, ಹೌದು."

ದೊಡ್ಡಮ್ಮ ಒನಕೆ ಹಿಡಿದೇ ಎದ್ದರು. ಸುಟ್ಟ ಕೋಳಿಯ ಗಾಡಿ ಉರುಳಿಬಂದು ವ್ಯಾನಿನ ಮೂತಿಗೆ ಅಡ್ಡ ನಿಂತಿತು. ಬಾಳೆಹಣ್ಣು ಕರಿಯುವ ಚಾಂಪೀ ಬಂದು ರೋಮೆಲ್ ಕೆಳಗಿಟ್ಟ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅವಳ ಗಾತ್ರಕ್ಕೆ ಪೆಟ್ಟಿಗೆಯ ಒಂದು ಚಕ್ರ ಮುರಿಯಿತು.

"ಏನೋ, ಇನ್ನೂ ಎಷ್ಟು ದಿನ ಹೊಡೀಬೇಕು ಅಂತಿದೀಯ ಈ ಮಗೂನ?" ದೊಡ್ಡಮ್ಮ ಗದರಿದರು.

ರೋಮೆಲನಿಗೆ ಥಾಯ್ ಚೆನ್ನಾಗಿ ಬರುತ್ತಿತ್ತು. "ಅಮ್ಮಾ, ನಾನು ಇವರ ಗಂಡ ಅಲ್ಲ."

"ನೋಡ್ರೇ, ಗಂಡ ಅಲ್ವಂತೆ!" ಚಾಂಪೀ ತೊಡೆ ತಟ್ಟಿದಳು. "ನಮ್ಮನೆಯವನೂ ಬೇರೆಯವಳ ಮುಂದೆ ಹಿಂಗೇ ಅಂತಿದ್ದ."

"ನಿಜವಾಗ್ಲೂ ನನಗೂ ಇವರಿಗೂ ಸಂಬಂಧವಿಲ್ಲ."

"ಸಂಬಂಧವಿಲ್ಲದೋನ ಜೇಬಲ್ಲಿ ಇವಳ ಪಾಸ್‌ಪೋರ್ಟ್ ಯಾಕೋ ಇದೆ?" ದೊಡ್ಡಮ್ಮ ಅಂದರು. ಅನ್ನುತ್ತಲೇ ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಅದನ್ನು ಸರಕ್ಕನೆ ಎಳೆದುಕೊಂಡು ತಮ್ಮ ರವಿಕೆಯೊಳಗೆ ಇಳಿಸಿದರು.

ನಾನು ಅಳು, ಸಿಟ್ಟು, ಮುರಿದ ಥಾಯ್ ಎಲ್ಲ ಕಲಸಿ, "ಅವನಲ್ಲ! ಗಂಡ ಇಲ್ಲ! ಕೆಲಸ, ಕೆಲಸ!" ಎಂದು ಕಿರುಚಿದೆ. "ಹೆದರಬೇಡ ಮಗಳೇ, ನಾವಿದೀವಿ," ಎಂದು ಯಾರೋ ನನ್ನ ಬೆನ್ನು ಸವರಿದರು. ಅಷ್ಟರಲ್ಲಿ ಚಾಂಪೀ ಫೋನು ತೆಗೆದು ವ್ಯಾನಿನ ನಂಬರಿನ ಪಟ ಹಿಡಿದಳು. "ಊರ ಮುಖ್ಯಸ್ಥನ್ನ ಕರೀರಿ, ಠಾಣೆಗೇ ಹೋಗೋಣ," ಅಂದಳು.

ರೋಮೆಲನ ಮುಖದಿಂದ ಮೃದುತನ ಆರಿಹೋದದ್ದನ್ನು ಆಗ ನೋಡಿದೆ. ಆದರೆ ನೋಡಿಯೂ, ಪಾಪ ಎಷ್ಟು ಅವಮಾನವಾಗಿರಬೇಕು ಎಂದುಕೊಂಡೆ! ಅವನು ವ್ಯಾನಿಗೆ ಹಾರಿದ. ವ್ಯಾನು ಹಿಂದಕ್ಕೆ ನುಗ್ಗಿ, ಒಂದು ಬುಟ್ಟಿ ಪಪ್ಪಾಯಿ ಕಾಯಿ ಉರುಳಿಸಿ ಹೊರಟುಹೋಯಿತು.

ಆ ದಿನವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ನನ್ನ ಭವಿಷ್ಯವನ್ನೇ ಈ ಮೂರ್ಖ ಹೆಂಗಸರು ಕೆಡಿಸಿದರೆಂದು. ದೊಡ್ಡಮ್ಮ ಬಾಗಿಲ ಹೊರಗೆ ಸಾರು ಇಟ್ಟರು, ಮುಟ್ಟಲಿಲ್ಲ. ಗ್ಲೆಂಡಾಳಿಗೆ ಸಂದೇಶ ಕಳಿಸಿದೆ: 'ಇಲ್ಲಿ ಒಂದು ರಾದ್ಧಾಂತ ಆಯ್ತು. ನೀನು ಹೋಗಿರು, ಮುಂದಿನ ವಾರ ಬರ್ತೀನಿ. ಕಿಟಕಿ ಪಕ್ಕದ ಹಾಸಿಗೆ ನನಗೆ ಹಿಡಿದಿಡು.'

ಇದೊಂದು ಮಾತ್ರ ನಗಾಡಿಕೊಂಡು ಹೇಳಲು ನನಗೆ ಬರುವುದಿಲ್ಲ. ಅವಳು ಹೋದಳು.

ಸೋಮವಾರ ರಾಜೀನಾಮೆ ವಾಪಸು ಕೇಳಲು ತಲೆ ತಗ್ಗಿಸಿಕೊಂಡು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಎಂದಿನಂತೆ ನಕ್ಕು ನಮಸ್ಕರಿಸಿದರು. ನನ್ನ ಮೇಜಿನ ಮೇಲೆ ನನ್ನದೇ ಪತ್ರ ಇತ್ತು. ಜೊತೆಗೊಂದು ಚೀಟಿ: 'ಇಂಗ್ಲಿಷಿನಲ್ಲಿ ಏನೋ ಕಾಗದ ಬಂದಿದೆ. ದಯವಿಟ್ಟು ಓದಿ ಥಾಯ್‌ನಲ್ಲಿ ತಿಳಿಸಿಕೊಡಿ.' ಗಂಭೀರವಾದದ್ದೇನೂ ಅಲ್ಲವೆಂದು ತಿಳಿಸಿದೆ.

ಹನ್ನೊಂದು ದಿನ ಗ್ಲೆಂಡಾಳಿಂದ ಸುದ್ದಿಯಿಲ್ಲ. ಹನ್ನೆರಡನೇ ದಿನ ಸಂದೇಶ ಬಂತು: 'ಪ್ರಿಯ ಕುಮಾರಿ ಲುವಾಲ್ಹಾಟಿ, ಇಲ್ಲಿ ಕೆಲಸ ತುಂಬಾ ಸೊಗಸಾಗಿದೆ. ದಯವಿಟ್ಟು ಬೇಗ ಬನ್ನಿ. ಇನ್ನಿಬ್ಬರು ಶಿಕ್ಷಕಿಯರನ್ನೂ ಕರೆತನ್ನಿ.'

ಗ್ಲೆಂಡಾ ನನ್ನನ್ನು ಕುಮಾರಿ ಅನ್ನುವುದಾ? ಬನ್ನಿ ಅನ್ನುವುದಾ? ವ್ಯಾಕರಣದಲ್ಲಿ ತಪ್ಪೇ ಇರಲಿಲ್ಲ. ನಾನು ಮೆಟ್ಟಿಲಿಳಿದು ದೊಡ್ಡಮ್ಮನ ಒರಳಿನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಗ್ಲೆಂಡಾಳ ವಿಷಯ ಹೇಳಬೇಕಾದರೆ ರೋಮೆಲ್ ಯಾರೆಂದು ಹೇಳಬೇಕು. ಅವನು ಯಾರೆಂದು ಹೇಳಬೇಕಾದರೆ ನನಗೆ ಗಂಡನೇ ಇಲ್ಲವೆಂದೂ ಹೇಳಬೇಕು.

ದೊಡ್ಡಮ್ಮ ಒನಕೆ ಕೆಳಗಿಟ್ಟರು.

"ಗಂಡ ಇಲ್ವಾ?"

"ಇಲ್ಲ ದೊಡ್ಡಮ್ಮ."

"ಕುಡಿಯೋನು?"

"ಇಲ್ಲ."

"ಅವನು ಆ ಹೆಂಗಸನ್ನ ಬಿಡ್ಲಿ ಅಂತ ನಾಲ್ಕು ಸಲ ಭಿಕ್ಷುಗಳಿಗೆ ಅನ್ನ ಹಾಕಿದೀನಲ್ಲೇ! ಆ ಪುಣ್ಯ ಎಲ್ಲಾ ಯಾರ ಗಂಡನಿಗೆ ಹೋಯ್ತು?"

ಬೈಗುಳ ಅರ್ಧ ಗಂಟೆ ನಡೆಯಿತು. ಅರ್ಧಕ್ಕಿಂತ ಹೆಚ್ಚು ಅರ್ಥವಾಯಿತು, ನನ್ನ ಭಾಷೆ ಅಷ್ಟು ಸುಧಾರಿಸಿತ್ತು. ಬೈದು ಮುಗಿಸಿ ಕೈ ತೊಳೆದುಕೊಂಡು, ಅಂಗಡಿ ಮುಚ್ಚಿ, ಚಾಂಪೀಯ ಫೋನಿನ ಸಮೇತ ನನ್ನನ್ನು ಠಾಣೆಗೆ ಎಳೆದುಕೊಂಡು ಹೋದರು. ಬೈಕ್ ಟ್ಯಾಕ್ಸಿಯ ಆ ಬೀಡಿಯವರಲ್ಲೇ ಒಬ್ಬ ನಮ್ಮನ್ನು ಕೂರಿಸಿಕೊಂಡು ಹೋದ. ಇಳಿಯುವಾಗ, "ಟೀಚರ್, ನಾಯಿ ಬೀದೀಲಿ ಓಡಬೇಡಿ. ಓಡಿದ್ರೇ ಅವು ಅಟ್ಟಿಸ್ಕೊಂಡು ಬರೋದು," ಅಂದ.

ಪೊಲೀಸರು ವ್ಯಾನಿನ ನಂಬರು, ಗುರುತಿನ ಚೀಟಿಯ ಫೋಟೋ, ಆ ಸಂದೇಶ ಎಲ್ಲ ಬರೆದುಕೊಂಡರು. ಚೀಟಿ ಸುಳ್ಳು, ನಂಬರು ನಿಜ ಎಂದು ಆಮೇಲೆ ತಿಳಿಯಿತು. ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಗೆ ವಾರಕ್ಕೆ ಮೂರು ಸಲ ಫೋನು ಮಾಡಿದೆ. ಗ್ಲೆಂಡಾಳನ್ನು ನದಿ ದಾಟಿಸಿ, ಆಚೆ ದೇಶದ ಗೋಡೆ ಕಟ್ಟಿದ ಜಾಗವೊಂದರಲ್ಲಿ ಕೂರಿಸಿ, ದೂರದೇಶಗಳ ಒಂಟಿ ಮುದುಕರಿಗೆ ಪ್ರೀತಿಯ ಮಾತು ಬರೆದು ಮೋಸ ಮಾಡುವ ಕೆಲಸಕ್ಕೆ ಹಚ್ಚಿದ್ದರು. ಇಂಗ್ಲಿಷ್ ಟೀಚರುಗಳೇ ಅವರಿಗೆ ಬೇಕಾಗಿದ್ದದ್ದು. ಐದು ತಿಂಗಳ ಮೇಲೆ ಒಂದು ಗುಂಪನ್ನು ಬಿಡಿಸಿದಾಗ ಅವಳೂ ಈಚೆಗೆ ಬಂದಳು.

ಬ್ಯಾಂಕಾಕಿನ ಆಶ್ರಯಗೃಹದಲ್ಲಿ ಅವಳನ್ನು ನೋಡಲು ಹೋದೆ. ದೊಡ್ಡಮ್ಮನೂ ಹಟ ಹಿಡಿದು ಬಸ್ಸು ಹತ್ತಿದರು. ಗ್ಲೆಂಡಾ ಸೊರಗಿದ್ದಳು, ಕೂದಲು ಗಿಡ್ಡವಾಗಿತ್ತು. ಇಂಗ್ಲಿಷಿನಲ್ಲಿ ಏನೋ ಶುರುಮಾಡಿದೆ. "ಅದು ಬೇಡ ಲು," ಅಂದಳು ನಮ್ಮ ಭಾಷೆಯಲ್ಲಿ. ನಾನು ಆ ಹಾಸಿಗೆಯ ಸಂದೇಶಕ್ಕೆ ಕ್ಷಮೆ ಕೇಳಿದೆ.

"ಕಿಟಕಿಯೇ ಇರ್ಲಿಲ್ಲ ಅಲ್ಲಿ," ಅಂದಳು. ಆಮೇಲೆ, "ಆ ಬಲವಂತದ ಸಂದೇಶ ಬಂದಾಗ ನಿಂಗೆ ಗೊತ್ತಾಯ್ತಲ್ಲ?" ಎಂದು ಕೇಳಿದಳು.

"ಕುಮಾರಿ ಅಂದಾಗ ಗೊತ್ತಾಯ್ತು."

"ನೀನು ದಡ್ಡಿ, ಎಲ್ಲಿ ಬಂದುಬಿಡ್ತೀಯೋ ಅಂತ ಭಯ ಇತ್ತು."

ಆ ಭಯ ನ್ಯಾಯವಾದದ್ದೇ ಎಂದು ಒಪ್ಪಿಕೊಂಡೆ.

ಅವಳ ಕಾಲಲ್ಲಿ ಯಾರೋ ಕೊಟ್ಟ ಗಂಡಸರ ಚಪ್ಪಲಿ ಇತ್ತು. ದೊಡ್ಡಮ್ಮ ಅದನ್ನು ನೋಡಿ ಎದ್ದರು. ಆಶ್ರಯಗೃಹದವರನ್ನು ಒಪ್ಪಿಸಿ, ಅವರ ಒಬ್ಬಳು ಕೆಲಸಗಾರ್ತಿಯ ಜೊತೆ ಮೂವರೂ ಪಕ್ಕದ ಸಂತೆಗೆ ಹೋದೆವು. ಗ್ಲೆಂಡಾ ಒಂಬತ್ತು ಜೊತೆ ಹಾಕಿ ನೋಡಿದಳು. ಒಂದು ಬಿಗಿ, ಒಂದು ಸಡಿಲ, ಒಂದರ ಬಣ್ಣ ಚೆನ್ನಾಗಿಲ್ಲ. ಅಂಗಡಿಯವಳು ಮುಖ ಸಿಂಡರಿಸಿದಳು. "ಹಾಕಿ ನೋಡ್ಲಿ ಬಿಡಮ್ಮ, ನಮಗೇನು ಅವಸರ ಇಲ್ಲ," ಎಂದು ದೊಡ್ಡಮ್ಮ ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತರು. ಕೊನೆಗೆ ಹಸಿರು ಪಟ್ಟಿಯದೊಂದು ಹಿಡಿಸಿತು. ಗ್ಲೆಂಡಾ ಅದನ್ನು ಹಾಕಿಕೊಂಡು ಅಂಗಡಿಯ ತುದಿಯವರೆಗೆ ನಡೆದು ಹೋಗಿ, ತಿರುಗಿ ಬಂದು, ಇನ್ನೊಮ್ಮೆ ನಡೆದಳು.