ತಾಕತ್ತಿನ ಮಾತ್ರೆ

ಯಾರಿಗೂ ಹೇಳುವುದಿಲ್ಲ ಎಂದು ಮದುವೆಯ ಹೊಸತರಲ್ಲೇ ಅವಳು ಗಂಡನಿಗೆ ಮಾತು ಕೊಟ್ಟಿದ್ದಳು. ಆಗ ಅವನಿಗೆ ಏಳಲೂ ಮನಸ್ಸಿರಲಿಲ್ಲ, ಉಣ್ಣಲೂ ಮನಸ್ಸಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ದೂರದ ಬಡಾವಣೆಯ ಡಾಕ್ಟರು ಬರೆದುಕೊಟ್ಟ ಮಾತ್ರೆ ಅವನನ್ನು ಎಬ್ಬಿಸಿ ಕೂರಿಸಿತ್ತು. "ಅಣ್ಣಂಗಂತೂ ಗೊತ್ತಾಗಬಾರದು ಕಣೇ," ಎಂದಿದ್ದ. ಅಂದಿನಿಂದ ಅವಳು ಆ ಮಾತ್ರೆಗಳನ್ನು ಹಾಳೆಯಿಂದ ಒತ್ತಿ ತೆಗೆದು, ತಾಕತ್ತಿನ ಮಾತ್ರೆಯ ಖಾಲಿ ಡಬ್ಬಿಗೆ ತುಂಬಿಡುತ್ತಿದ್ದಳು.

ಅವನನ್ನು ಪ್ಲೇಟಿಂಗ್ ಶೆಡ್ಡಿಗೆ ಸೇರಿಸಿದ್ದು ಆ ಅಣ್ಣನೇ, ಅಲ್ಲಿ ಮೇಸ್ತ್ರಿ. ಬೋಲ್ಟುಗಳಿಗೆ ಕ್ಯಾಡ್ಮಿಯಮ್ ಲೋಹದ ಲೇಪ ಹಾಕುವ ಕೆಲಸ. ಒಮ್ಮೆ ಕೆಲಸದ ನಡುವೆ ಯಾರೋ ಅತ್ತುಬಿಟ್ಟಾಗ, "ಇವನ ತಲೇಲಿರೋ ಬೋಲ್ಟಿಗೆ ಪ್ಲೇಟಿಂಗ್ ಮರ್ತುಹೋಗಿದೆ," ಎಂದು ಅಣ್ಣ ಇಡೀ ಶೆಡ್ಡನ್ನು ನಗಿಸಿದ್ದ. ಗಂಡನೂ ನಕ್ಕು, ಮನೆಗೆ ಬಂದು ಊಟ ಬಿಟ್ಟಿದ್ದ.

ಈಗ ಗಂಡನ ಕಣ್ಣು ಹಳದಿಯಾಗಿತ್ತು. ಅವನು, ಅವಳು, ಅವನ ಅಣ್ಣ ಮೂವರೂ ಲಿವರ್ ಡಾಕ್ಟರಮ್ಮನ ಎದುರು ಕೂತಿದ್ದರು. ಮೈಯಲ್ಲಿ ಕ್ಯಾಡ್ಮಿಯಮ್ ಸೇರಿ ಲಿವರಿಗೆ ಪೆಟ್ಟಾಗಿದೆ ಎಂದು ಆಕೆ ಹೇಳಿದಾಗ ಭಾವ ತನ್ನ ಉಗುರುಗಳನ್ನು ನೋಡಿಕೊಂಡ. ಬೇರೆ ಮಾತ್ರೆ ಏನಾದರೂ ನುಂಗುತ್ತಾರೆಯೇ ಎಂದು ಡಾಕ್ಟರಮ್ಮ ಕೇಳಿದರು.

"ತಾಕತ್ತಿನದೊಂದು," ಎಂದಳು ಅವಳು.

ತೋರಿಸಿ ಎಂದರು. ಡಬ್ಬಿ ಕೈಚೀಲದಲ್ಲೇ ಇತ್ತು, ಕೊಡಲೇಬೇಕಾಯಿತು. ಅದರ ಮೇಲೆ ಕೆಂಪು ಮಾತ್ರೆಯ ಚಿತ್ರ. ಡಾಕ್ಟರಮ್ಮನ ಅಂಗೈಗೆ ಬಿದ್ದದ್ದು ಬಿಳಿಯದು.

ಆಕೆ ಗದರಲಿಲ್ಲ. "ನೋವಿಂದೋ, ನಿದ್ದೇದೋ, ಮನಸ್ಸಿಂದೋ, ಯಾವುದೇ ಇರ್ಲಿ, ನಂಗೆ ಗೊತ್ತಿರಬೇಕಮ್ಮ. ಮನಸ್ಸಿನ ಮಾತ್ರೆಗಳು ಸೆರೊಟೋನಿನ್ ಅನ್ನೋ ರಾಸಾಯನಿಕವನ್ನ ಏರುಪೇರು ಮಾಡ್ತವೆ. ಅದು ಬರೀ ತಲೇದಲ್ಲ, ಹೆಚ್ಚು ತಯಾರಾಗೋದು ಕರುಳಲ್ಲಿ. ಲೋಹದಿಂದ ಕೆಟ್ಟ ಲಿವರನ್ನ ಅದು ಇನ್ನೂ ಕೆಡಿಸಬಹುದು ಅಂತ ಇಲಿಗಳಲ್ಲಿ ಕಂಡಿದ್ದಾರೆ. ಮನುಷ್ಯರಲ್ಲಿ ಹೇಗೋ ಗೊತ್ತಿಲ್ಲ. ಹಾಗಂತ ಆ ಮಾತ್ರೆ ತಟ್ಟನೆ ನಿಲ್ಲಿಸೋ ಹಾಗೂ ಇಲ್ಲ. ಹೇಳದೆ ಇದ್ರೆ ನಾನು ಕತ್ತಲಲ್ಲಿ ತಡಕಾಡಿದ ಹಾಗೆ."

ಅವಳು ಕೈಚೀಲದ ಬಾಯಿ ಮುಚ್ಚಿದಳು. ಮಾತು ಕೊಟ್ಟಿದ್ದೇನಲ್ಲ ಎಂದುಕೊಂಡಳು. ಅದೂ ಸುಳ್ಳೇ. ನಾಳೆ ಭಾವನ ಮನೆಯವರೆಲ್ಲ ತನ್ನನ್ನು ಹುಚ್ಚನ ಹೆಂಡತಿ ಎಂದಾರು ಎಂಬ ಅಳುಕು ಅವಳದೇ. ಗಂಡನ ಮಾನ ಅದಕ್ಕೆ ಹೊದಿಸಿದ ಬಟ್ಟೆ.

"ಅಂಗಡಿಯವ್ರು ಇದನ್ನೇ ಕೊಟ್ರು," ಎಂದಳು.

ಗಂಡ ಅವಳ ಕಡೆ ನೋಡಿದ. ಬೈಗುಳವಿದ್ದರೆ ತಡೆದುಕೊಳ್ಳಬಹುದಿತ್ತು, ಆ ಹಳದಿ ಕಣ್ಣುಗಳಲ್ಲಿ ಹೆದರಿಕೆಯಿತ್ತು. ಅವನು ಅಣ್ಣನ ಕಡೆ ತಿರುಗದೆ, ಮೇಜಿಗೆ ಹೇಳುವವನಂತೆ ಹೇಳಿದ: "ಅದು ಮನಸ್ಸಿನ ಮಾತ್ರೆ ಡಾಕ್ಟ್ರೇ. ಮದುವೆಯಾದಾಗಿಂದ ನುಂಗ್ತಿದೀನಿ. ಅವಳನ್ನ ಕೇಳಬೇಡಿ."

ಭಾವ ನಗಲಿಲ್ಲ. ರಕ್ತ ತೆಗೆಯಲೆಂದು ಮೇಲೆ ಮಡಿಸಿದ್ದ ತಮ್ಮನ ಅಂಗಿತೋಳನ್ನು ಮೆಲ್ಲಗೆ ಇಳಿಸಿ, ಗುಂಡಿ ಹಾಕಿದ.

ಅವಳು ಕೊಟ್ಟ ಮಾತು ಉಳಿಯಿತು. ಅವಳು ಯಾರಿಗೂ ಹೇಳಲಿಲ್ಲ.