ನೂರಾ ಎರಡರ ಚೌಕಕ್ಕೆ ಒಂದು ಕಮ್ಮಿ

ಕೂರಿಸುವ ಮೊದಲು ಬಿರುಕಿದೆಯೇ ಎಂದು ಪ್ರತಿ ಟೈಲನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಬೇಕು. ಹತ್ತು ಸಾವಿರದ ನಾನ್ನೂರ ಮೂರು ಟೈಲು ತಟ್ಟಿ ತಮ್ಮನ ಗೆಣ್ಣು ಊದಿಕೊಂಡಿತ್ತು. ಉಳಿದ ಒಂದೇ ಒಂದನ್ನು ಕರಣೆಯ ಹಿಡಿಯಿಂದ ತಟ್ಟಿದ. ಅದು ಎರಡು ಹೋಳಾಯಿತು.

"ಬೆಣ್ಣೆ ಬೆರಳಿನವನೇ, ಇದೊಂದಕ್ಕೆ ನಿನ್ನ ಗೆಣ್ಣು ಸವೆದು ಹೋಗ್ತಿತ್ತಾ?" ಅಂದಳು ಅಕ್ಕ.

ಕೆಡವಿದ ಕಟ್ಟಡದಿಂದ ಜೋಪಾನವಾಗಿ ಕಿತ್ತು ತಂದ ಹಸಿರು ಟೈಲುಗಳವು. ಮಾಡುವ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಎಣಿಸಿಯೇ ಈ ಓದುವ ಕೋಣೆ ಕಟ್ಟಿಸಿದ್ದರು: ನೂರಾ ಎರಡು ಸಾಲು, ಸಾಲಿಗೆ ನೂರಾ ಎರಡು, ಸುತ್ತಲೂ ಸಿಮೆಂಟಿನ ಅಂಚಿಗೆ ಒಂದು ಟೈಲಿನಷ್ಟು ಜಾಗ. ಒಂದನ್ನೂ ಕತ್ತರಿಸುವಂತಿಲ್ಲ, ಬೇರೆ ಬಣ್ಣ ಬೆರೆಸುವಂತಿಲ್ಲ. ಇಪ್ಪತ್ತು ವರ್ಷ ಮೇಸ್ತ್ರಿಯ ಕೈಕೆಳಗೆ ಮಂಡಿ ಸವೆಸಿದ ಅಕ್ಕ ತನ್ನ ಹೆಸರಿನಲ್ಲೇ ಹಿಡಿದ ಮೊದಲ ಕೆಲಸವಿದು. ಗಾರೆಯಿಲ್ಲದೆ ಬರೀ ಹರಡಿಟ್ಟದ್ದನ್ನು ನೋಡಲು ನಾಲ್ಕು ಗಂಟೆಗೆ ಇಂಜಿನಿಯರಮ್ಮ ಬರುತ್ತಾಳೆ. ಒಪ್ಪದಿದ್ದರೆ ಕೆಲಸ ವಾಪಸ್ ಮೇಸ್ತ್ರಿಗೆ.

ಮೂಲೆಯಲ್ಲಿ ಒಂದು ಟೈಲಿನ ಗುಂಡಿ ಬಾಯಿ ತೆರೆದು ಕೂತಿತ್ತು.

ತಮ್ಮ ಪೆನ್ಸಿಲ್ ಹಿಡಿದು ಉಳಿದ ಹತ್ತು ಸಾವಿರದ ನಾನ್ನೂರ ಮೂರನ್ನು ಗೋಡೆಯ ಮೇಲೆ ಭಾಗಿಸತೊಡಗಿದ. "ಬೇರೆ ಥರ ಸಾಲು ಮಾಡೋಣ ಅಂದ್ರೆ, ಮೂರಕ್ಕೆ ಹೋಗಲ್ಲ. ಏಳಕ್ಕೆ ಒಂದು ಉಳೀತು. ಹನ್ನೊಂದಕ್ಕೆ ಎಂಟು. ಹದಿಮೂರಕ್ಕೆ ಮೂರು. ಯಾರ ಮಾತೂ ಕೇಳದ ಸಂಖ್ಯೆ ಕಣೇ ಇದು."

"ಏಳಕ್ಕೆ ಹೋಗಿದ್ರೆ ಏನು ಮಾಡ್ತಿದ್ದೆ? ಏಳು ಸಾಲಿನ ಕೋಣೆ ಕಟ್ಟಿಸ್ತಿದ್ದೆಯಾ? ಅದನ್ನ ಓಣಿ ಅಂತಾರೆ."

ಅಂದವಳು ಎದ್ದು ಮೂಲೆಗೆ ನಡೆದಳು. ಕೋಣೆ ಇರುವುದು ನೂರಾ ಎರಡರ ಆಸುಪಾಸಿನಲ್ಲಿ. ಹುಡುಕಬೇಕಾದದ್ದೂ ಅಲ್ಲೇ. ಗುಂಡಿಯಿದ್ದ ಸಾಲನ್ನು ನೋಡಿದಳು. ಅದರಲ್ಲಿ ನೂರಾ ಒಂದು. ಆ ಸಾಲನ್ನೇ ಎತ್ತಿಬಿಟ್ಟರೆ ಉಳಿಯುವ ಸಾಲುಗಳೂ ನೂರಾ ಒಂದು.

"ಎತ್ತೋ ಈ ಸಾಲನ್ನ. ಪಕ್ಕದ ಗೋಡೆ ಕಡೆ, ಪ್ರತಿ ಸಾಲಿನ ತುದಿಗೆ ಒಂದೊಂದು ಇಡು."

ತಮ್ಮ ಗೊಣಗುತ್ತಲೇ ಇಟ್ಟುಕೊಂಡು ಹೋದ. ಕೊನೆಯ ಸಾಲಿಗೆ ಬಂದಾಗ ಕೈಯಲ್ಲಿ ಒಂದೇ ಟೈಲು ಉಳಿದಿತ್ತು. ಅದನ್ನೂ ಇಟ್ಟ. ಗುಂಡಿಯಿಲ್ಲ, ಮಿಕ್ಕಿದ್ದೂ ಇಲ್ಲ. ಗೋಡೆಗೆ ಓಡಿ ನೂರಾ ಒಂದನ್ನು ನೂರಾ ಮೂರರಿಂದ ಗುಣಿಸಿದ. ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ.

ಇಂಜಿನಿಯರಮ್ಮ ಬಂದವಳೇ ಟೇಪು ಬಿಚ್ಚಿದಳು. "ಇದು ಚೌಕ ಅಲ್ಲವಲ್ಲ?"

ಅಕ್ಕ ಒಡೆದ ಹೋಳುಗಳನ್ನು ಮುಂದೆ ಹಿಡಿದಳು. "ಒಂದು ಹೋಯ್ತು, ತಪ್ಪು ನಮ್ದೇ. ಆದ್ರೆ ಒಂದನ್ನೂ ಕತ್ತರಿಸಿಲ್ಲ. ನಾಳೆ ಗಾರೆ ಮೇಲೆ ಕೂರಿಸುವಾಗ ನಡುವಿಗೆ ಸರಿಸ್ತೀವಿ. ಎರಡು ಕಡೆ ಅಂಚು ಅರ್ಧ ಟೈಲು ಹೆಚ್ಚಾಗುತ್ತೆ, ಇನ್ನೆರಡು ಕಡೆ ಅರ್ಧ ಕಮ್ಮಿ."

ಇಂಜಿನಿಯರಮ್ಮ ನಾಲ್ಕೂ ಗೋಡೆ ಸುತ್ತಿದಳು, ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿ ನೋಡಿದಳು. "ನೀವು ಹೇಳದಿದ್ರೆ ಟೇಪಿಗಷ್ಟೇ ಗೊತ್ತಾಗ್ತಿತ್ತು," ಅಂದು ಸಹಿ ಹಾಕಿದಳು.

ಅವಳು ಹೋದಮೇಲೆ ತಮ್ಮ ಮೆಲ್ಲಗೆ ಕೇಳಿದ, "ಎರಡು ಒಡೆದಿದ್ರೆ?"

"ನಿನ್ನನ್ನೇ ಮಡಚಿ ಮೂಲೆಗೆ ಕೂರಿಸ್ತಿದ್ದೆ," ಅಂದ ಅಕ್ಕ ಗೋಡೆಗೊರಗಿ ಕಾಲು ಚಾಚಿದಳು.